ಅರ್ಜಿಯ ಅಂಚಿನಲ್ಲಿ ನಮ್ಮತ್ತೆ

ನಮ್ಮತ್ತೆ ಮೂವತ್ತೆರಡು ವರ್ಷ ಟೈಲರ್ ಆಗಿದ್ದವರು. ಊರಿಗೆಲ್ಲ ಬಟ್ಟೆ ಹೊಲಿದವರಿಗೆ ಈಗ ಮೈಗೆ ಬಟ್ಟೆ ತಾಗಿದರೆ ಆಗುವುದಿಲ್ಲ. ನಾಲ್ಕು ವರ್ಷದ ಹಿಂದೆ ಸರ್ಪಸುತ್ತು ಆಗಿತ್ತು. ಗುಳ್ಳೆ ಮಾಯ್ದವು, ಪಕ್ಕೆಯ ಉರಿ ಮಾತ್ರ ಉಳಿದುಬಿಟ್ಟಿತು. ಹಾಗಂತ ಮೂಲೆ ಹಿಡಿದು ಕೂರುವವರಲ್ಲ. ಹೊಲಿಗೆ ಒತ್ತದಿರಲಿ ಅಂತ ಅಂಗಿಯ ಒಳಮಗ್ಗುಲನ್ನು ಹೊರಗೆ ಮಾಡಿ ತೊಟ್ಟು, ದಿನವಿಡೀ ನನ್ನ ತಪ್ಪು ಹುಡುಕುತ್ತಾರೆ.

ನಾನು ಸಂಶೋಧನಾ ಕೇಂದ್ರವೊಂದರಲ್ಲಿ ಗುಮಾಸ್ತೆ. ವಿಜ್ಞಾನಿಗಳು ಅನುದಾನಕ್ಕೆ ಬರೆಯುವ ಅರ್ಜಿಗಳನ್ನು ಜೋಡಿಸಿ ಕಳಿಸುವುದು ನನ್ನ ಕೆಲಸ. ಪ್ರತಿ ಅರ್ಜಿಯಲ್ಲೂ ಜನಸಾಮಾನ್ಯರಿಗೆ ತಿಳಿಯುವಂಥ ಒಂದು ಪುಟ ಇರಲೇಬೇಕು. ಆ ಪುಟವನ್ನು ಮನೆಗೆ ತಂದು ಅತ್ತೆಗೆ ಕೊಡುತ್ತೇನೆ. ಅವರಿಗೆ ಅರ್ಥವಾದರೆ ಪಾಸು, ಇಲ್ಲದಿದ್ದರೆ ವಾಪಸ್ಸು.

ಕಳೆದ ವರ್ಷ, ನಮ್ಮಲ್ಲಿ ನೋವಿನ ಬಗ್ಗೆ ಸಂಶೋಧನೆ ಮಾಡುವ ಲ್ಯಾಬಿನ ಮೇಡಂ ಬರೆದದ್ದು ಬಂತು. ಈಗಿನ ಮಾತ್ರೆಗಳು ನೋವಿನ ಜೊತೆ ಇಡೀ ಮನುಷ್ಯನನ್ನೇ ಮಂಕು ಮಾಡುತ್ತವೆ. ಅದರ ಬದಲು ನೋವಿನ ನರದಲ್ಲಿ ಮಾತ್ರ ಇರುವ ಒಂದು ಪ್ರೋಟೀನು ಹುಡುಕಬೇಕು, ಮದ್ದು ಅದೊಂದನ್ನೇ ಹಿಡಿಯಬೇಕು ಎಂಬುದು ಅವರ ಹಟ. ಎರಡು ಸಲ ಅರ್ಜಿ ತಿರಸ್ಕೃತವಾಗಿತ್ತು. ಮೂರನೆಯದೂ ಹೋದರೆ ಲ್ಯಾಬಿಗೆ ಬೀಗ.

ಅತ್ತೆ ಓದಿದರು, ಮೂಗು ಮುರಿದರು, ಕೆಂಪು ಪೆನ್ನು ಎತ್ತಿಕೊಂಡರು.

"ಸ್ಪರ್ಶಕ್ಕೆ ಅತಿಸಂವೇದನೆ" ಎಂಬಲ್ಲಿ ಗೀಟು ಹಾಕಿ ಅಂಚಿನಲ್ಲಿ ಬರೆದರು: "ಹೀಗಂದ್ರೆ ಯಾರಿಗೆ ತಿಳಿಯುತ್ತೆ? ಸುಟ್ಟ ಜಾಗದ ಮೇಲೆ ಗೋಣಿಚೀಲ ಎಳೆದ ಹಾಗೆ ಅಂತ ಬರೀರಿ." ಕೆಳಗೆ ಇನ್ನೊಂದು: "ಮಾತ್ರೆ ನುಂಗಿದ್ರೆ ನೋವಿನ ಜೊತೆ ನಾನೂ ಮಲಗಿಬಿಡ್ತೀನಿ. ನೋವನ್ನ ಮಲಗಿಸಿ, ನನ್ನನ್ನ ಎಚ್ಚರವಾಗಿ ಬಿಡಿ."

ಮೇಡಂ ನಕ್ಕು ನಕ್ಕು ಸುಸ್ತಾಗಿ ಆ ಪುಟವನ್ನೇ ಹೊಸದಾಗಿ ಬರೆದರು. ಕೊನೇ ದಿನ ಮಧ್ಯಾಹ್ನ, ಗಡುವಿಗೆ ನಾಲ್ಕು ನಿಮಿಷ ಇರುವಾಗ ಎಲ್ಲ ಸ್ಕ್ಯಾನ್ ಮಾಡಿ ಕಳಿಸಿದೆ. ತಿರುಗಿ ನೋಡಿದರೆ ಹೊಸ ಪುಟ ಮೇಜಿನ ಮೇಲೇ ಕೂತಿದೆ! ಹೋಗಿದ್ದು ಅತ್ತೆ ಗೀಚಿದ ಹಳೇ ಪುಟ. ಅದನ್ನು ಸ್ಕ್ಯಾನ್ ಮಾಡಿ ಬದಲಾಯಿಸುವಷ್ಟರಲ್ಲಿ ಗಡುವು ಮುಗಿದಿತ್ತು. ಮೇಡಂ ಮುಂದೆ ನಿಂತು ಗೊಳೋ ಅಂತ ಅತ್ತುಬಿಟ್ಟೆ. ಪಾಪ, ಅವರ ಮುಖ ಬಿಳುಚಿಕೊಂಡಿತು, ಆದರೂ "ಹೋಗ್ಲಿ ಬಿಡಿ" ಅಂದರು. ಬೈದಿದ್ದರೇ ವಾಸಿಯಿತ್ತು.

ಮನೆಗೆ ಬಂದು ಅತ್ತೆಯ ಮೇಲೆ ಹರಿಹಾಯ್ದೆ. "ಕಳಿಸಿದ್ದು ನೀನು, ಬೈಸಿಕೊಳ್ಳೋದು ನಾನಾ?" ಅಂದರು. ಮಾತು ಸರಿಯಾಗಿಯೇ ಇತ್ತು, ಅದಕ್ಕೇ ಇನ್ನೂ ಸಿಟ್ಟು ಬಂತು.

ಮೂರು ತಿಂಗಳ ಮೇಲೆ ಮೇಡಂಗೆ ಸಂದರ್ಶನದ ಕರೆ ಬಂತು. ಸಮಿತಿಯವರು ಕೇಳಿದ ಮೊದಲ ಪ್ರಶ್ನೆ, "ಈ ಕೆಂಪು ಪೆನ್ನಿನವರು ಯಾರು?" ಮೇಡಂ ಇದ್ದದ್ದು ಇದ್ದ ಹಾಗೆ ಹೇಳಿದರಂತೆ. ಆಮೇಲೆ ಎರಡು ಗಂಟೆ ವಿಜ್ಞಾನವನ್ನೂ ಜಾಲಾಡಿ, ಕೊನೆಗೆ ಐದು ವರ್ಷಕ್ಕೆ ಅನುದಾನ ಮಂಜೂರು ಮಾಡಿದರು.

ಮೇಡಂ ಮನೆಗೇ ಬಂದು ಸುದ್ದಿ ಹೇಳಿದರು. ಆಮೇಲೆ ಅತ್ತೆಯ ಕೈ ಹಿಡಿದು ತಡವರಿಸಿದರು. "ಅಮ್ಮಾ, ಸುಳ್ಳು ಹೇಳಲ್ಲ. ಮದ್ದು ಅಂಗಡಿಗೆ ಬರೋಕೆ ಹದಿನೈದು ವರ್ಷ ಆದ್ರೂ ಆಗಬಹುದು."

ಅತ್ತೆಗೆ ಆಗಲೇ ಎಪ್ಪತ್ತೆಂಟು. ಅವರು ನನ್ನ ಕಡೆ ಬೆರಳು ತೋರಿಸಿದರು.

"ಅಷ್ಟೊತ್ತಿಗೆ ಇವಳಿಗೂ ವಯಸ್ಸಾಗಿರುತ್ತೆ. ಇವಳಿಗೆ ನನ್ನ ಹಾಗೆ ತಡ್ಕೊಳ್ಳೋಕೆ ಬರಲ್ಲ ಕಣಮ್ಮ, ಬೇಗ ಶುರು ಮಾಡು."