ಅತ್ತಿಯ ಕೈಬಣ್ಣ

ಇವತ್ತು ಬೆಳಿಗ್ಗೆ ಚಹಾ ಒಲೆಯ ಮೇಲಿಟ್ಟು ಮರೆತೆ. ಬತ್ತಿ ತಳ ಹಿಡಿಯಿತು. ಮನೆಯವರೆಲ್ಲ ಮೂಗು ಮುಚ್ಚಿಕೊಂಡರು. ನನಗೆ ಮಾತ್ರ ಆಳಂದದ ಶಾಂತತ್ತಿಯ ಹಿತ್ತಲು ನೆನಪಾಯಿತು.

ನಮ್ಮ ಸೋದರತ್ತೆ ಶಾಂತತ್ತಿ ಶಾಲೆಯಲ್ಲಿ ಹೊಲಿಗೆ ಕಲಿಸಿದವಳು. ನಿವೃತ್ತಿಯ ನಂತರ ಅಂಗನವಾಡಿಗಳಿಗೆ ಗೊಂಬೆ ಹೊಲಿದು ಕೊಡುತ್ತಿದ್ದಳು, ಒಳಗೆ ಕೈ ತೂರಿಸಿ ಆಡಿಸುವಂಥವು. ಪೇಟೆಯಲ್ಲಿ ಮೈಬಣ್ಣವೆಂದು ಮಾರುವ ಬಟ್ಟೆ ಅವಳಿಗೆ ಸೇರದು. “ಇದ್ಯಾರ ಮೈಯಪ? ಸುಲಿದ ಬಟಾಟಿ ಇದ್ದಂಗ ಅದ,” ಅನ್ನುವಳು. ಬಿಳಿ ಬಟ್ಟೆ ತಂದು ಚಹಾಪುಡಿ, ಉಳ್ಳಾಗಡ್ಡಿ ಸಿಪ್ಪೆಯ ನೀರಿನಲ್ಲಿ ಹಿತ್ತಲ ಒಲೆಯ ಮೇಲೆ ತಾನೇ ಕುದಿಸುವಳು. ಬಣ್ಣದ ಮಾದರಿಗೆ ನಾನು ತೋಳು ಚಾಚಿ ನಿಲ್ಲಬೇಕು.

“ಸರಿ ಆತಲ್ಲ ಅತ್ತಿ?”

“ತಡಿ, ಒಣಗಲಿ. ಹಸಿ ಅರಿವಿ ಸುಳ್ಳು ಹೇಳ್ತದ, ನಿಮ್ಮ ಪೇಪರಿನಂಗ.”

ಪತ್ರಿಕೆಯಲ್ಲಿ ಕೆಲಸ ಮಾಡುವ ನಾನು ತೋಳು ಚಾಚಿಕೊಂಡೇ ನಿಂತೆ.

ಒಮ್ಮೆ ಅದೇ ನೀರಿಗೆ ತುಕ್ಕು ಹಿಡಿದ ಮೊಳೆ ಹಾಕಿದಳು. ಬಟ್ಟೆ ಎರೆಮಣ್ಣಿನಷ್ಟು ಕಪ್ಪಾಗಿ ಬಂತು. ಆ ದಿನ ನನ್ನನ್ನು ಕರೆಯಲಿಲ್ಲ. ಬಳೆ ಮೇಲೆ ಸರಿಸಿ ತನ್ನ ಕೈಗೇ ಹಿಡಿದು ನೋಡಿದಳು. ಅವಳನ್ನು ನೋಡಲು ಬಂದ ಗಂಡಿನವರು ತಂಗಿಯನ್ನು ಕೇಳಿ ಹೋದದ್ದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾರೂ ಆಡುತ್ತಿರಲಿಲ್ಲ.

ಗೊಂಬೆಗಳನ್ನು ಮಟಕಿ ಊರಿನ ಅಂಗನವಾಡಿಗೆ ಒಯ್ದಾಗ ನಾನೂ ಜೊತೆಗಿದ್ದೆ. ಅಂಗನವಾಡಿ ಟೀಚರ್ ಆ ಕಪ್ಪು ಗೊಂಬೆಯೊಂದನ್ನೇ ತೆಗೆದು ಪಕ್ಕಕ್ಕಿಟ್ಟಳು.

“ಇದೊಂದು ಬ್ಯಾಡ್ರಿ ಬಾಯಾರ. ಭಾಳ ಕಪ್ಪ ಆಗ್ಯಾದ. ಹುಡುಗ್ರು ಅಂಜ್ತಾವ.”

ಅತ್ತಿ ಗೊಂಬೆಯ ಪಕ್ಕಕ್ಕೆ ತನ್ನ ಕೈ ಇಟ್ಟಳು. “ನನ್ನ ನೋಡಿ ಅಂಜ್ಯಾವೇನ್ ಬೇ? ಬಂದಾಗಿಂದ ಈ ಕೂಸು ನನ್ನ ತೊಡಿ ಬಿಟ್ಟು ಇಳಿವಲ್ದು.”

“ಅದು ಬ್ಯಾರೆ ಮಾತ್ರಿ,” ಅಂದಳು ಟೀಚರ್, ತಲೆ ತಗ್ಗಿಸಿ.

ಅಷ್ಟರಲ್ಲಿ ತೊಡೆಯ ಮೇಲಿದ್ದ ಹುಡುಗಿ ಅದೇ ಗೊಂಬೆಯೊಳಗೆ ಕೈ ತೂರಿಸಿ ತಲೆ ಆಡಿಸತೊಡಗಿದ್ದಳು.

“ಏನಂತದ ಗೊಂಬಿ?” ಟೀಚರ್ ಕೇಳಿದಳು.

“ಹಸಿವಾಗ್ಯಾದಂತ.”

ಟೀಚರ್ ನಕ್ಕು, ಗೊಂಬೆಗೂ ಒಂದು ತುತ್ತು ಉಪ್ಪಿಟ್ಟು ಹಿಡಿದಳು. ಬಿಸಿಲಿಗೆ ಯಾವಾಗಲೂ ಸೆರಗು ಹೊದ್ದು ಕೂರುವ ಅತ್ತಿ, ವಾಪಸ್ಸು ಬರುವಾಗ ಬಸ್ಸಿನ ಕಿಟಕಿಯಲ್ಲಿ ಬಿಸಿಲಿಗೆ ಕೈ ಚಾಚಿಯೇ ಕೂತಿದ್ದಳು.

ಇವತ್ತು ಮಧ್ಯಾಹ್ನ ಪತ್ರಿಕೆಯ ಕಚೇರಿಯಲ್ಲಿ, ಜೇವರ್ಗಿ ಕಡೆಯ ವೃದ್ಧೆಯೊಬ್ಬರು ಕಾಣೆಯಾದ ಪ್ರಕಟಣೆ ನನ್ನ ಮೇಜಿಗೆ ಬಂತು. ದುಂಡು ಮುಖ, ಗೋಧಿ ಮೈಬಣ್ಣ. ಕಾಣೆಯಾದವರೆಲ್ಲರದೂ ಗೋಧಿ ಬಣ್ಣವೇ. ವರ್ಷಗಟ್ಟಲೆ ಹಾಗೇ ಅಚ್ಚಿಗೆ ಬಿಟ್ಟಿದ್ದೇನೆ. ಇವತ್ತು ಅವರ ಮಗನಿಗೆ ಫೋನು ಮಾಡಿ, ಅವ್ವನ ಬಣ್ಣ ಖರೆ ಯಾವುದೆಂದು ಕೇಳಿದೆ.

“ಕಪ್ಪ ಅದಾಳ್ರಿ. ಹಂಗ ಬರೀತೀರೇನು?”

“ಬರೀತೇನ್ರಿ. ಅವರು ಸಿಗಬೇಕಲ್ಲ.”