ಒಂದು ಪುಟವನ್ನೂ ಬಿಡದ ಗೌರಕ್ಕ

ಕಾದಂಬರಿ ಓದುವಾಗ ಗೌರಕ್ಕ ಬರೆದವರ ಜೊತೆ ಜಗಳ ಆಡುತ್ತಿದ್ದರು. ಮನಸ್ಸಿನಲ್ಲಲ್ಲ, ಬಾಯಿಬಿಟ್ಟು. ಚನ್ನಪಟ್ಟಣದಲ್ಲಿ ನಮ್ಮ ಎದುರು ಮನೆ ಅವರದು. ಹಗಲೆಲ್ಲ ಮರದ ಬೊಂಬೆಗಳಿಗೆ ಅರಗಿನ ಬಣ್ಣ ಹಚ್ಚುವ ಕೆಲಸ, ಸಂಜೆ ಜಗುಲಿಯ ಮೇಲೆ ಪುಸ್ತಕ.

"ನೋಡಮ್ಮಿ, ಈ ಯಮ್ಮ ಎಂಟು ಕೊಡ ನೀರು ಸೇದಿ ಆಮೇಲೆ ನಗ್ತಾ ಹಾಡು ಹೇಳ್ತಾಳಂತೆ! ಬರೆದೋನು ಒಂದಿನಾನಾದ್ರೂ ಹಗ್ಗ ಹಿಡ್ದವ್ನಾ?"

ನಾನು ದೇವರ ಪುಸ್ತಕ ಬಿಟ್ಟು ಬೇರೆ ಮುಟ್ಟಿದವಳಲ್ಲ. ಮೊದಲ ಕಾದಂಬರಿ ಕೊಟ್ಟವರು ಅವರೇ. ಎರಡು ದಿನ ಪೂಜೆಗೆ ಕೂತರೂ ಆ ಕಥೆಯ ಹುಡುಗಿಯದೇ ಚಿಂತೆ. ಕೊನೆಗೆ ಅವಳ ಹೆಸರಿನಲ್ಲೂ ಒಂದು ದೀಪ ಹಚ್ಚಿದೆ. ಆ ಎದುರು ಮನೆಯನ್ನು ದೇವರು ನನಗೆ ಕೊಟ್ಟ ವರಗಳಲ್ಲಿ ಸೇರಿಸಿಕೊಂಡಿದ್ದೇನೆ.

ದೇವಸ್ಥಾನದ ಪಕ್ಕ ಒಂದು ಸಣ್ಣ ವಾಚನಾಲಯವಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ನಿವೃತ್ತ ಮೇಷ್ಟ್ರು ಒಂದು ಭಾನುವಾರ ನಾನೂ ಗೌರಕ್ಕನೂ ಹೋದಾಗ ಕಾದಂಬರಿಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿಸಿ ರದ್ದಿಗೆ ಹಾಕಲು ಹೊರಟಿದ್ದರು. "ಹೆಂಗಸರು ಇಂಥದ್ದು ಓದಿ ಕೆಡ್ತಾರೆ. ಓದೋದಾದ್ರೆ ಇದನ್ನ ಓದಿ. ನಾನು ಮೂರು ಸಲ ಓದಿದೀನಿ," ಎಂದು ಗಾಜಿನ ಬೀರುವಿನಿಂದ ಒಂದು ದಪ್ಪ ಹಳಗನ್ನಡ ಕಾವ್ಯ ತೆಗೆದು ತೋರಿಸಿದರು.

ಗೌರಕ್ಕ ಅದನ್ನು ತೆಗೆದುಕೊಂಡು ತಿರುವಿದರು. ಅಚ್ಚಿನ ಮನೆಯಲ್ಲಿ ಮಡಚಿದ ಹಾಳೆಗಳ ಅಂಚನ್ನು ಯಾರೂ ಕತ್ತರಿಸಿರಲೇ ಇಲ್ಲ. ಪುಟಗಳು ಜೋಡಿಜೋಡಿಯಾಗಿ ಕೂಡಿಕೊಂಡೇ ಇದ್ದವು.

"ಮೂರು ಸಲವಾ ಮೇಷ್ಟ್ರೇ? ಸಂದಿಲಿ ಇಣುಕಿ ಓದಿದ್ರಾ?"

ಮನೆಯಲ್ಲಿ ಇನ್ನೊಂದು ಪ್ರತಿ ಇದೆ ಎಂದೇನೋ ಮೇಷ್ಟ್ರು ಗೊಣಗಿದರು. ಗೌರಕ್ಕ ಮನೆಯಿಂದ ಉಳಿ ತಂದು, ಅಲ್ಲೇ ನೆಲದ ಮೇಲೆ ಕೂತು ಒಂದೊಂದೇ ಹಾಳೆ ಬಿಡಿಸಿದರು.

"ಇದನ್ನೂ ಓದ್ತೀನಿ, ಅದನ್ನೂ ಓದ್ತೀನಿ. ಯಾವ್ದು ಕೆಡಿಸ್ತದೆ ಅಂತ ನಾನೇ ಬಂದು ಹೇಳ್ತೀನಿ. ಈಗ ಚೀಲ ಬಿಚ್ಚಿ."

ಚೀಲ ಬಿಚ್ಚಿದರು. ಕಾವ್ಯ ಮುಗಿಸಲು ಗೌರಕ್ಕನಿಗೆ ನಾಲ್ಕು ತಿಂಗಳು ಬೇಕಾಯಿತು. "ಚೆನ್ನಾಗೈತೆ ಕಣಮ್ಮಿ. ಯುದ್ಧ ಒಸಿ ಜಾಸ್ತಿ. ಅಡುಗೆ ಮಾಡೋರು ಒಬ್ರೂ ಇಲ್ಲ, ಅಷ್ಟು ಸೈನ್ಯ ಏನ್ ತಿಂತಿತ್ತೋ!"

ಕಳೆದ ವರ್ಷ ಅವರು ಆಸ್ಪತ್ರೆಯಲ್ಲಿದ್ದಾಗ ಕಣ್ಣು ಮಂಜಾಗಿತ್ತು. ನಾನೇ ಒಂದು ಕಾದಂಬರಿ ಓದಿ ಹೇಳುತ್ತಿದ್ದೆ. ಹುಡುಗ ಹುಡುಗಿ ಏಕಾಂತದಲ್ಲಿ ಸಿಗುವ ಪುಟ ಬಂತು. ವಾರ್ಡಿನ ತುಂಬ ಹೆಂಗಸರು. ಮೆಲ್ಲಗೆ ಎರಡು ಪುಟ ಹಾರಿಸಿದೆ.

"ಏನೋ ಬುಟ್ಟೆ."

"ಏನಿಲ್ಲಕ್ಕ."

"ಈಗ ಬಾಗ್ಲು ಹಾಕಿದ್ರು, ಆಗ್ಲೇ ಕಾಫಿ ಕುಡೀತಾವ್ರೆ. ನಡುವೆ ಏನಾಯ್ತು? ಓದಮ್ಮಿ, ಯಾರಿಗೆ ಹೆದರ್ಕತೀಯ?"

ದೇವರನ್ನು ನೆನೆದುಕೊಂಡು ಪುಟ ಹಿಂದಕ್ಕೆ ತಿರುವಿದೆ. ಗಟ್ಟಿಯಾಗಿಯೇ ಓದಿದೆ. ಪಕ್ಕದ ಮಂಚದ ಅಜ್ಜಿ ಸೆರಗು ಬಾಯಿಗೆ ಅಡ್ಡ ಹಿಡಿದು, "ಒಸಿ ಜೋರಾಗಿ ಹೇಳವ್ವ," ಎಂದರು.

ಅದಾದ ಎರಡು ದಿನಕ್ಕೆ ಗೌರಕ್ಕ ತೀರಿಹೋದರು. ಕಾದಂಬರಿ ಇನ್ನೂ ಅರ್ಧ ಉಳಿದಿತ್ತು. ಮುಂದಿನ ವಾರ ಅದೇ ವಾರ್ಡಿಗೆ ಹೋಗಿ, ಆ ಹೆಂಗಸರ ನಡುವೆ ಕೂತು, ಒಂದು ಸಾಲೂ ಬಿಡದೆ ಓದಿ ಮುಗಿಸಿ ಬಂದೆ.