ಅಪ್ಪನ ಮಡಿ ಮುಟ್ಟಿದ ಬೆಳಗು

ನನ್ನಪ್ಪ ಕುಂದಗೋಳ ಕಡೆಯ ನಮ್ಮೂರ ಬಸದಿಯ ಪೂಜಾರಿ, ಊರವರ ಬಾಯಲ್ಲಿ ಪಂಡಿತ. ಅವನ ಅಪ್ಪ, ಅಜ್ಜ ಕೂಡ ಅದೇ ಮೂರ್ತಿಗೆ ಅಭಿಷೇಕ ಮಾಡಿದವರು. ಊರಿನ ಜೈನರ ಮದುವೆಗಳೂ ನಮ್ಮ ಮನೆಯವರ ಕೈಯಲ್ಲೇ ಆಗಬೇಕು.

ಎಪ್ಪತ್ತರ ದಶಕದ ಮಾತು. ನನಗಾಗ ಹದಿನೈದು. ಬಸದಿಯ ಪಂಚರಲ್ಲಿ ಹಿರಿಯನಾದ ಗೌಡ ಒಂದು ದಿನ ಸ್ನಾನವಿಲ್ಲದೆ ಗರ್ಭಗುಡಿ ಹೊಗಲು ಬಂದ. ಅಪ್ಪ ಅಡ್ಡ ನಿಂತ. ವಾರ ಕಳೆಯುವುದರೊಳಗೆ ಊರಲ್ಲಿ ಸುದ್ದಿ ಎದ್ದಿತು: ಪಂಡಿತನ ತಾಯಿ ಉಡಕಿಯಾದವಳು, ಮೊದಲ ಗಂಡ ಸತ್ತಮೇಲೆ ಎರಡನೆಯ ಮದುವೆಯಾಗಿ ಇಲ್ಲಿಗೆ ಬಂದವಳು, ಅವಳ ಮಗ ಮೂರ್ತಿ ಮುಟ್ಟಬಾರದು. ಪಂಚರು ನಮ್ಮ ಆಯಿಯನ್ನು, ಅಂದರೆ ಅಪ್ಪನ ಅವ್ವನನ್ನು, ಬಸದಿಯ ಅಂಗಳಕ್ಕೆ ಕರೆಸಿ ಎಲ್ಲರೆದುರು ಕೇಳಿದರು. ಎಪ್ಪತ್ತು ದಾಟಿದ ಮುದುಕಿ ಅದು ಸುಳ್ಳೆಂದು ಗಂಡನ ಮೇಲೆ ಆಣೆ ಮಾಡಿ ಅಳುತ್ತ ಮನೆಗೆ ಬಂದಳು. ಅಪ್ಪನ ಕೈಯಿಂದ ಬಸದಿಯ ಕೀಲಿ ಹೋಯಿತು. ಆಯಿ ಮತ್ತೆ ಹೊಸ್ತಿಲು ದಾಟಲಿಲ್ಲ. ನಾಲ್ಕೇ ತಿಂಗಳಲ್ಲಿ ತೀರಿಕೊಂಡಳು. ಹೆಣಕ್ಕೆ ಹೆಗಲು ಕೊಡಲು ಪಂಚರ ಮನೆಯಿಂದ ಒಬ್ಬರೂ ಬರಲಿಲ್ಲ.

ಮರುವರ್ಷ ಗೌಡನ ಮಗಳ ಮದುವೆ. ಹುಬ್ಬಳ್ಳಿಯಿಂದ ಬರಬೇಕಿದ್ದ ಪಂಡಿತನಿಗೆ ಹಿಂದಿನ ದಿನವೇ ಸೂತಕ ಬಂತು. ಬೆಳಗ್ಗೆ ಗೌಡ ನಮ್ಮ ಬಾಗಿಲಿಗೆ ಬಂದು, ಆದದ್ದನ್ನು ಮರೆತು ಬರಬೇಕೆಂದ. ಆಯಿಯ ಮೇಲೆ ಹೊರಿಸಿದ್ದು ಸುಳ್ಳೆಂದು ಪಂಚರ ಮುಂದೆ ಹೇಳುತ್ತೀರಾ ಎಂದು ಅಪ್ಪ ಕೇಳಿದ. ಮದುವೆ ಮುಗಿಯಲಿ, ನೋಡೋಣ ಎಂದ ಗೌಡ. ಹುಡುಗಿಯದೇನು ತಪ್ಪು ಎಂದು ಅಪ್ಪ ಒಪ್ಪಿಬಿಟ್ಟ.

ಅಪ್ಪ ಹಿತ್ತಲ ಬಾವಿಯಲ್ಲಿ ನೀರು ಸೇದಿ ಮಿಂದು, ಒದ್ದೆ ಧೋತರದಲ್ಲಿ ಬರುತ್ತಿದ್ದಾಗ, ಇನ್ನೂ ಮೀಯದ ನಾನು ಹೋಗಿ ಮುಟ್ಟಿ ಮಡಿ ಕೆಡಿಸಿದೆ. ಗೊತ್ತಿಲ್ಲದೆ ತಾಗಿದೆನೆಂದುಕೊಂಡು ಅವನು ಮತ್ತೆ ಮಿಂದ. ಮತ್ತೆ ಮುಟ್ಟಿದೆ. ಮೂರನೆಯ ಸಲ ಧೋತರದ ಚುಂಗನ್ನೇ ಮುಷ್ಟಿಯಲ್ಲಿ ಹಿಡಿದೆ.

"ಯಾಕವ್ವಾ?" ಎಂದ.

"ನಮ್ಮ ಆಯೀನ ಕೊಂದಾರ ಅವ್ರು. ನೀ ಹೋಗಬ್ಯಾಡ."

ಅಪ್ಪ ಬಾವಿಕಟ್ಟೆಯ ಮೇಲೆ ಕುಸಿದು ಕೂತ. ಮತ್ತೆ ಹಗ್ಗ ಮುಟ್ಟಲಿಲ್ಲ.

ಮುಹೂರ್ತ ತಪ್ಪಿತು. ಕರೆಯಲು ಬಂದವರಿಗೆಲ್ಲ ಅಪ್ಪ ಮಡಿಯಲ್ಲಿಲ್ಲ ಎಂದು ನಾನೇ ಹೇಳಿ ಕಳಿಸಿದೆ. ಮಧ್ಯಾಹ್ನದ ಹೊತ್ತಿಗೆ ಬೀಗರು ಗಾಡಿ ಹೂಡಲು ಹೊರಟರಂತೆ. ಗೌಡ ಪಂಚರನ್ನು ಕರೆದುಕೊಂಡು ಓಡಿಬಂದ. ತಲೆ ತಗ್ಗಿಸಿ, ಆ ಮುದುಕಿಯ ಬಗ್ಗೆ ಆಡಿದ್ದು ಸುಳ್ಳು ಎಂದು ಗೊಣಗಿದ.

"ಕೇಳಲಿಲ್ರಿ ಕಾಕಾ," ಎಂದೆ. "ಓಣಿಗೆಲ್ಲಾ ಕೇಳೂಹಂಗ ಹೇಳ್ರಿ."

ಅವನು ಅಪ್ಪನ ಮುಖ ನೋಡಿದ. ಅಪ್ಪ ನನ್ನನ್ನು ತಡೆಯಲಿಲ್ಲ. ಗೌಡ ಮತ್ತೊಮ್ಮೆ, ಗಂಟಲು ಬಿಚ್ಚಿ ಹೇಳಿದ. ಆಗ ನನಗೆ ಆದ ಖುಷಿಯನ್ನು ನಾನು ಮುಚ್ಚಿಡುವುದಿಲ್ಲ.

ಸಂಜೆಯ ಗೋಧೂಳಿ ಮುಹೂರ್ತಕ್ಕೆ ಅಪ್ಪ ಮಿಂದು ಹೋಗಿ ಮದುವೆ ಮಾಡಿಸಿದ. ಕೀಲಿ ಮನೆಗೆ ಬಂತು. ಮದುಮಗಳು ಶಾಲೆಯಲ್ಲಿ ನನ್ನ ಬಾಜು ಕೂಡುತ್ತಿದ್ದವಳು. ದಿನವಿಡೀ ಉಪವಾಸ, ಬೀಗರ ಮಾತು, ಎಲ್ಲ ಅನುಭವಿಸಿದ್ದು ಅವಳು. ಮುಂದೆ ತವರಿಗೆ ಬಂದಾಗಲೆಲ್ಲ ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದಳು. ಅದರ ನೋವು ನನಗಿದೆ. ಆದರೂ ಆ ಧೋತರ ಹಿಡಿದದ್ದಕ್ಕೆ ನಾನು ಒಂದು ದಿನವೂ ಪಶ್ಚಾತ್ತಾಪಪಟ್ಟಿಲ್ಲ.